ಹೆಸರು ಹೇಳಬಾರದ ಮನೆ ಸಾಲ

ಬ್ಯಾಂಕಿನಲ್ಲಿ ಗುಟ್ಟು ಕಾಪಾಡಿ ಅಂತ ಮೇಲಿನಿಂದ ಸುತ್ತೋಲೆ ಬಂದಾಗೆಲ್ಲ ನಮ್ಮಲ್ಲಿ ಏನಾದರೂ ಒಂದು ಎಡವಟ್ಟು ಆಗಿಯೇ ಆಗುತ್ತಿತ್ತು. ನಾನು ಉಡುಪಿ ಕಡೆಯವ. ಅರವತ್ತರ ದಶಕದ ಕೊನೆಗೆ ಕೊಚ್ಚಿಯ ಒಂದು ಸಣ್ಣ ಶಾಖೆಗೆ ಗುಮಾಸ್ತನಾಗಿ ಹೋದೆ. ಮನೆ ಸಾಲ ಪಡೆದವರ ವಿವರದ ತಃಖ್ತೆಯನ್ನು ಮೂರು ತಿಂಗಳಿಗೊಮ್ಮೆ ನಮ್ಮೂರ ಕಡೆಯ ಮುಖ್ಯ ಕಚೇರಿಗೆ ಕಳಿಸುವುದು ನನ್ನ ಕೆಲಸ.

೧

ಸಾಲಗಾರರು ನಮ್ಮ ಸಿಬ್ಬಂದಿಯೇ ಆಗಿದ್ದರೆ ತಃಖ್ತೆಯಲ್ಲಿ ಹೆಸರು ಬೇಡ, ಹುದ್ದೆ ಮಾತ್ರ ಬರೆಯಿರಿ ಅಂತ ಆದೇಶ ಬಂತು. ಬೇರೆಯವರಿಗೆ ತಿಳಿಯಬಾರದಲ್ಲ. ನಾನು ಶಿಸ್ತಾಗಿ 'ಕ್ಯಾಷಿಯರ್, ಕೊಚ್ಚಿ ಶಾಖೆ' ಅಂತ ಬರೆದು ಕಳಿಸಿದೆ. ನಮ್ಮಲ್ಲಿ ಇದ್ದದ್ದೇ ಒಬ್ಬ ಕ್ಯಾಷಿಯರ್. ಹದಿನೈದು ದಿನಕ್ಕೆ ಉತ್ತರ ಬಂತು. ಗೌಪ್ಯತೆ ಚೆನ್ನಾಗಿ ಪಾಲಿಸಿದ್ದೀರಿ, ಸಂತೋಷ ಅಂತ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಗೃಹಪ್ರವೇಶಕ್ಕೆ ನಮ್ಮನ್ನೂ ಕರೆಯಲು ಕ್ಯಾಷಿಯರಿಗೆ ತಿಳಿಸಿ.

೨

ಹುದ್ದೆಯೂ ಬೇಡ, ಒಬ್ಬೊಬ್ಬರಿಗೆ ಒಂದು ನಂಬರ್ ಕೊಡಿ ಅಂತ ಮುಂದಿನ ಆದೇಶ. ಯಾರಿಗೆ ಯಾವ ನಂಬರ್ ಅನ್ನುವ ಪಟ್ಟಿಯನ್ನು ಮ್ಯಾನೇಜರರು ತಾವೇ ಬರೆದು, ನನಗೂ ತೋರಿಸದೆ ಎಲ್ಲೋ ಭದ್ರವಾಗಿ ಇಟ್ಟರು. ಎಷ್ಟು ಭದ್ರ ಅಂದರೆ ಮತ್ತೆ ಅದು ಸಿಗಲೇ ಇಲ್ಲ. ಅಷ್ಟರಲ್ಲಿ ಮೂರನೇ ನಂಬರಿನವರ ಅಡವು ಪತ್ರದಲ್ಲಿ ಸಹಿ ಇಲ್ಲ, ಕೂಡಲೇ ಮಾಡಿಸಿ ಅಂತ ತಂತಿ ಬಂತು.

ಮ್ಯಾನೇಜರರು ಹೊರಗೆ ಬಂದು ಮೆಲ್ಲಗೆ ಕೇಳಿದರು, "ಮೂರನೇ ನಂಬರ್ ಯಾರು?"

ಬೆಂಚಿನಲ್ಲಿದ್ದ ವಲ್ಲಾರ್ಪಾಡಂ ದ್ವೀಪದ ಮುದುಕರೊಬ್ಬರು ಹಿತ್ತಾಳೆಯ ಟೋಕನ್ ಎತ್ತಿ ಹಿಡಿದು ಎದ್ದರು. ಒಂದು ಗಂಟೆಯಿಂದ ಕಾಯುತ್ತಿದ್ದೇನೆ, ದೋಣಿ ತಪ್ಪುತ್ತದೆ ಅಂದರು. ಅವರ ಕೆಲಸ ಆಯಿತು. ನಮ್ಮವರು ಮಾತ್ರ ಒಬ್ಬರೂ ಏಳಲಿಲ್ಲ. ಸಂಜೆ ಹಳೆಯ ಕಡತವನ್ನೆಲ್ಲ ತೆಗೆದು ತಾಳೆ ನೋಡಿದಾಗ ಗೊತ್ತಾಯಿತು, ಮೂರನೇ ನಂಬರ್ ಮ್ಯಾನೇಜರರೇ.

೩

ಆಮೇಲೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಚಾಲೈ ಪೇಟೆಯ ಹತ್ತಿರದ ಶಾಖೆ. ಅಲ್ಲಿಯ ಮ್ಯಾನೇಜರರು ಮೈಸೂರಿನವರು. ನಮ್ಮ ಟೈಪಿಸ್ಟ್ ಹುಡುಗಿ, ಅಲ್ಲಿಯವಳೇ, ಪೇಟೆಯಿಂದ ದೂರದ ಶ್ರೀಕಾರ್ಯಂನಲ್ಲಿ ಮನೆ ಕಟ್ಟಲು ಸಾಲಕ್ಕೆ ಅರ್ಜಿ ಹಾಕಿದ್ದಳು. ಪೇಟೆಯ ಹಿಂದಿನ ಹಳೇ ಮನೆ ಬಿಟ್ಟು ಅತ್ತೆ ಕದಲುವವರಲ್ಲ, ಗೊತ್ತಾದರೆ ರಂಪವಾದೀತು ಅಂತ ಅವಳಿಗೆ ಹೆದರಿಕೆ. ಗಂಡನೂ ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಮಧ್ಯಾಹ್ನ ಮುಖ್ಯ ಕಚೇರಿಯಿಂದ ಟ್ರಂಕ್ ಕಾಲ್ ಬಂತು. ಗುಟ್ಟಿನ ವಿಷಯ ಕಾಗದದಲ್ಲಿ ಬೇಡ, ಬಾಯಲ್ಲೇ ಹೇಳಿ ಅಂದರಂತೆ. ಲೈನು ಗೊರಗೊರ. ಮ್ಯಾನೇಜರರು ಕೂಗಿಯೇ ಹೇಳಬೇಕಾಯಿತು. ಆದರೂ ಅವರಿಗೆ ಚಿಂತೆಯಿರಲಿಲ್ಲ. ಇಲ್ಲಿ ಕನ್ನಡ ಯಾರಿಗೆ ಬರುತ್ತದೆ ಅಂತ ನನಗೆ ಕಣ್ಣು ಮಿಟುಕಿಸಿದರು. ಹುಡುಗಿಯ ಸಂಬಳ, ಮನೆ ಕಟ್ಟುವ ಜಾಗ, ಒತ್ತೆಯಿಟ್ಟ ಬಳೆ, ಒಂದನ್ನೂ ಬಿಡದೆ ಹಾಲ್ ಅದುರುವಂತೆ ಹೇಳಿದರು. ಕೊನೆಗೆ ಅತ್ತೆಗೆ ಮಾತ್ರ ಗೊತ್ತಾಗಬಾರದು ಅಂತ ಎರಡೆರಡು ಸಲ ಕೂಗಿದರು. ಹುಡುಗಿ ಏನೂ ತಿಳಿಯದೆ ಟೈಪ್ ಮಾಡುತ್ತಲೇ ಇದ್ದಳು.

ಆಗ ಕೌಂಟರಿನ ಹತ್ತಿರ ಊಟದ ಕ್ಯಾರಿಯರ್ ಹಿಡಿದು ನಿಂತಿದ್ದ ವಯಸ್ಸಾದ ಹೆಂಗಸು ಮುಂದೆ ಬಂದರು. ಅವರನ್ನು ಕಂಡದ್ದೇ ಹುಡುಗಿ ಎದ್ದು ನಿಂತಳು. ಅವಳ ಅತ್ತೆ. ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದವರು ಅಂತ ನಮಗೆ ತಿಳಿದದ್ದು ಆಮೇಲೆ.

ಅವರು ಕ್ಯಾರಿಯರನ್ನು ಸೊಸೆಯ ಮೇಜಿನ ಮೇಲಿಟ್ಟು, ರಿಸೀವರ್ ಹಿಡಿದೇ ಇದ್ದ ಮ್ಯಾನೇಜರರಿಗೆ ಅಚ್ಚ ಕನ್ನಡದಲ್ಲಿ ಹೇಳಿದರು:

"ಅತ್ತೆಗೆ ಗೊತ್ತಾಯಿತು ಅಂತ ಅವರಿಗೆ ಹೇಳಿ ಸಾರ್. ಹಾಗೆಯೇ, ಆ ಮನೆಯಲ್ಲಿ ನನಗೊಂದು ಕೋಣೆ ಉಂಟಾ ಅಂತಲೂ ಕೇಳಿಬಿಡಿ."