ಹೊಂಗೆ ನೆರಳಿನ ಸೈಕಲ್ ದಾರಿ

ಅಂಗಡಿ ಇಟ್ಟುಕೊಂಡವನು ಗಿರಾಕಿಗೆ ಹೆದರಬಾರದು ಅಂತ ನಮ್ಮಪ್ಪ ಹೇಳುತ್ತಿದ್ದರು. ಅವರ ಕಾಲದಲ್ಲಿ ಮಾರುತ್ತಿದ್ದದ್ದು ಬೆಲ್ಲ, ಎಣ್ಣೆ, ಹಗ್ಗ. ನಾನು ಮುಳಬಾಗಿಲು ಪೇಟೆಯಲ್ಲಿ ಸೈಕಲ್ ಇಟ್ಟೆ. ಅಲ್ಲಿಂದ ನನ್ನ ಎದೆ ಧಸಕ್ಕೆನ್ನದ ವಾರವೇ ಇಲ್ಲ.

ಯಾರು ಯಾರ ಮೇಲೆ

ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಬೆಂಗಳೂರಿನಿಂದ ಸೈಕಲ್‌ಗಳನ್ನು ತರಿಸಿ, ಎಣ್ಣೆ ಹಾಕಿ, ಒರೆಸಿ ಸಾಲಾಗಿ ನಿಲ್ಲಿಸಿದೆ. ಜನ ಬರುತ್ತಿದ್ದರು, ಗಂಟೆ ಬಾರಿಸುತ್ತಿದ್ದರು, ಹೋಗುತ್ತಿದ್ದರು. ಕೊಳ್ಳುವವರಿಲ್ಲ. ಪೇಟೆ ದಾಟಿದರೆ ಇದ್ದದ್ದು ಗಾಡಿ ಜಾಡು. ಚಕ್ರ ಅದರೊಳಗೆ ಇಳಿದರೆ ಮುಂದಿನ ಊರಿನವರೆಗೂ ಮೇಲೆ ಬರುವಂತಿಲ್ಲ. ಜಾಡು ಬಿಟ್ಟು ಪಕ್ಕಕ್ಕೆ ಹೋದರೆ ಜಾಲಿ ಮುಳ್ಳು.

ಕೆರೆಯಾಚೆ ಊರಿನ ಸ್ಕೂಲು ಮೇಷ್ಟ್ರೊಬ್ಬರು ಧೈರ್ಯ ಮಾಡಿ ಬಾಡಿಗೆಗೆ ಒಂದು ತೆಗೆದುಕೊಂಡರು. ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಠೀವಿಯಿಂದ ಹೊರಟವರು ಸಂಜೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅಂಗಡಿ ಮುಂದೆ ನಿಂತರು. ನಾನು ಗಾಬರಿಯಿಂದ ಎದ್ದೆ.

"ಏನಾಯ್ತು ಮೇಷ್ಟ್ರೇ?"

"ಹೋಗ್ತಾ ನಾನು ಇದರ ಮೇಲೆ, ಬರ್ತಾ ಇದು ನನ್ನ ಮೇಲೆ. ಈಗ ನೀವೇ ಹೇಳಿ ಶೆಟ್ರೇ, ಯಾರು ಯಾರಿಗೆ ಬಾಡಿಗೆ ಕೊಡಬೇಕು?"

ಅಳಿಯನ ನೆವ

ಆವತ್ತೇ ತೀರ್ಮಾನ ಮಾಡಿದೆ. ಸೈಕಲ್ ಮಾರಬೇಕಾದರೆ ಮೊದಲು ದಾರಿ ಮಾಡಿಸಬೇಕು. ಕೆರೆ ಏರಿಯ ಕೆಳಗೆ ಆ ಊರಿನವರೆಗೆ ಗೋಮಾಳದ ಪಟ್ಟಿ ಇತ್ತು. ಅಲ್ಲಿ ಗಾಡಿ ಬರದಂತೆ ಕಲ್ಲು ನೆಟ್ಟು, ಗರಸು ಹಾಸಿ, ಎರಡೂ ಕಡೆ ಹೊಂಗೆ ಗಿಡ ಇಟ್ಟರೆ ನೆರಳಲ್ಲೇ ತುಳಿದುಕೊಂಡು ಹೋಗಬಹುದು. ದೇಶ ಉದ್ಧಾರ ಮಾಡುವ ಹುಚ್ಚು ನನಗಿರಲಿಲ್ಲ. ಸೈಕಲ್ ಖರ್ಚಾಗಬೇಕಿತ್ತು, ಅಷ್ಟೆ. ಇಲ್ಲವಾದರೆ ಅಂಗಡಿ ಮುಚ್ಚಿ ಮತ್ತೆ ಬೆಲ್ಲದ ಮುಂದೆ ನೊಣ ಹೊಡೆಯುತ್ತಾ ಕೂರಬೇಕು.

ಆ ಊರಿನ ಪಟೇಲರ ಜಗಲಿಯ ಮೇಲೆ ಕೂತು ಎಲ್ಲ ವಿವರಿಸಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು:

"ಎದುರಿಗೆ ಜನ ಬಂದ್ರೆ ಎತ್ತು ಪಕ್ಕಕ್ಕೆ ಸರಿಯುತ್ತೆ. ಇದಕ್ಕೆ ಎತ್ತೇ ಇಲ್ವಲ್ಲ ಶೆಟ್ರೇ, ಬುದ್ಧಿ ಯಾರಿಗಿರುತ್ತೆ?"

"ಮೇಲೆ ಕೂತೋನಿಗೆ ಇರುತ್ತೆ."

"ನಮ್ಮಳಿಯ ಕೂತ್ರೂನಾ?"

ಅಳಿಯ ಮುಳಬಾಗಿಲಲ್ಲೇ ಇದ್ದ. ನನ್ನ ಹತ್ತಿರ ಸೈಕಲ್ ಕೊಂಡಿದ್ದ ಏಕೈಕ ಪುಣ್ಯಾತ್ಮ. ಹಬ್ಬಕ್ಕೆ ಕರೆದರೆ "ದಾರಿ ಸರಿ ಇಲ್ಲ ಮಾವ" ಅಂತ ತಪ್ಪಿಸಿಕೊಳ್ಳುತ್ತಿದ್ದನಂತೆ. ಮಗಳ ಮುಖ ನೋಡದೆ ಪಟೇಲರ ಹೆಂಡತಿ ಕೊರಗುತ್ತಿದ್ದರು. ಒಳಗಿನಿಂದ ಆ ತಾಯಿಯ ದನಿ ಬಂತು: "ದಾರಿ ಮಾಡಿಸ್ರೀ. ಅದೇನು ನೆವ ಹೇಳ್ತಾನೋ ನೋಡೋಣ!"

ಪಟೇಲರು ಆಳು ಕೊಟ್ಟರು, ನಾನು ಗರಸು ತರಿಸಿದೆ. ಹಾಸಿ ಕಲ್ಲಿನ ಗುಂಡು ಎಳೆಸಿದ ಮೇಲೆ ದಾರಿ ಹಸೆಮಣೆಯ ಹಾಗಾಯಿತು. ದಾರಿಯ ಕೊನೆಯಲ್ಲಿ, ಊರ ಹತ್ತಿರ, ಸೈಕಲ್ ತಿರುಗಿಸಿಕೊಳ್ಳಲಿ ಅಂತ ಗುಂಡಗೆ ಅಗಲವಾದ ಜಾಗವನ್ನೂ ಬಿಡಿಸಿದೆ.

ಎರಡು ತಿಂಗಳಾಗಿರಬೇಕು, ಪಟೇಲರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ಅಳಿಯ ಬರ್ತಿಲ್ವಾ?" ಅಂದೆ.

"ಬರ್ತಿಲ್ವಾ? ಮಗಳನ್ನ ಮನೇಲಿ ಬಿಟ್ಟು ಇವನೊಬ್ಬನೇ ದಿನಾ ಊಟಕ್ಕೆ ಬರ್ತವ್ನೆ! ಶೆಟ್ರೇ, ಆ ದಾರೀನ ವಾಪಸ್ಸು ಅಗೆಯೋಕೆ ಏನು ಮಾಡಬೇಕು?"

ನೆರಳಿನ ವ್ಯವಹಾರ

ಹೊಂಗೆ ಗಿಡ ನೆಟ್ಟೆವು. ಮಾರನೆಯ ದಿನ ಮೇಕೆಗಳು ಬಂದವು, ಆಮೇಲೆ ಗಿಡವಿರಲಿಲ್ಲ. ಮತ್ತೆ ನೆಟ್ಟು, ಈ ಸಲ ಪ್ರತಿ ಗಿಡದ ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ಟಿಸಿದೆ. ಗಿಡ ಉಳಿದವು. ಗಾಳಿ ಬೀಸಿತು, ಮುಳ್ಳೆಲ್ಲ ದಾರಿಗೆ ಬಂತು. ಮುಳ್ಳಿಗೆ ಹೆದರಿ ಮಾಡಿಸಿದ ದಾರಿಗೆ ನಾನೇ ಮುಳ್ಳು ಹಾಸಿದಂತಾಯಿತು.

ದಾರಿಯಾದ ಮೇಲೆ ಬಾಡಿಗೆ ಸೈಕಲ್ ಹತ್ತುವವರು ಹೆಚ್ಚಿದ್ದರು, ಪಂಚರ್ ಖರ್ಚು ಅವರದೇ. ಟ್ಯೂಬು ತೂತಾದವರೆಲ್ಲ ನನ್ನ ಅಂಗಡಿಗೇ ಬರಬೇಕು, ಪಂಚರ್ ಹಾಕುವವನು ತಾಲೂಕಿಗೆಲ್ಲ ನಾನೊಬ್ಬನೇ. ಒಂದು ದಿನ ಮೇಷ್ಟ್ರು ಚಕ್ರ ಉರುಳಿಸಿಕೊಂಡು ಬಂದು, ಟೈರಿನಿಂದ ಮುಳ್ಳು ಕಿತ್ತು ನನ್ನ ಕೈಗಿಟ್ಟರು.

"ಶೆಟ್ರೇ, ದಾರಿಯ ಉದ್ದಕ್ಕೂ ಬೆಳೆ ಇಟ್ಟು ಅಂಗಡೀಲೇ ಕೂತು ಕೊಯ್ಯೋರನ್ನ ನಾನು ಇವತ್ತೇ ನೋಡಿದ್ದು."

ಬೇಕೆಂದು ಹಾಕಿದ್ದಲ್ಲ ಅಂತ ಆಣೆ ಇಟ್ಟರೂ ಅವರು ನಂಬಲಿಲ್ಲ. ಆ ತಿಂಗಳ ಪಂಚರ್ ವ್ಯಾಪಾರ ನೋಡಿದರೆ, ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಅಮಲ್ದಾರರ ಸವಾರಿ

ಅಷ್ಟರಲ್ಲಿ ಯಾರೋ ಅರ್ಜಿ ಹಾಕಿದರು: ಗೋಮಾಳದಲ್ಲಿ ಶೆಟ್ಟಿ ದಾರಿ ಮಾಡಿಕೊಂಡಿದ್ದಾನೆ ಅಂತ. ಅಮಲ್ದಾರರು ತನಿಖೆಗೆ ಬರುತ್ತೇನೆಂದು ಹೇಳಿಕಳಿಸಿದರು. ಅವರು ಒಪ್ಪಿದರೆ ದಾರಿ ಸರ್ಕಾರದ್ದಾಗಿ ನಂಗಲಿ ಕಡೆಗೂ ಬೆಳೆಯುತ್ತದೆ. ಒಪ್ಪದಿದ್ದರೆ ಅಗೆದು ಗೋಮಾಳಕ್ಕೆ ಬಿಡಬೇಕು, ನನ್ನ ಅಂಗಡಿಯೂ ಅದರ ಜೊತೆಗೇ ಹೋಗುತ್ತದೆ. ಸುತ್ತಲ ಹಳ್ಳಿಗಳವರು ಬಂದು "ನಮಗೂ ಇಂಥ ದಾರಿ ಬೇಕು" ಅಂತ ಒಂದು ಮಾತು ಹೇಳಲಿ ಎಂದು ಪಟೇಲರ ಕೈಲಿ ಹೇಳಿಸಿದೆ.

ಅಮಲ್ದಾರರು ಸೋಲಾ ಟೋಪಿ, ಬೂಟು ಹಾಕಿಕೊಂಡು ಬಂದರು. ಒಳ್ಳೇ ದಪ್ಪ ಆಳು. "ನಾನೇ ತುಳಿದು ನೋಡ್ತೀನಿ" ಅಂದರು. ಹೊಸ ಸೈಕಲ್ ಕೊಟ್ಟೆ, ಹಿಂದೆ ನಾನೊಂದು ಹತ್ತಿದೆ. ಮುಳ್ಳೆಲ್ಲ ಮೊದಲೇ ಬಾಚಿಸಿದ್ದೆ, ದಾರಿ ಗುಡಿಸಿಟ್ಟಂತಿತ್ತು. "ಪರವಾಗಿಲ್ಲ ಶೆಟ್ರೇ, ಬೆಂಗಳೂರಲ್ಲೂ ಹೀಗಿಲ್ಲ" ಅಂದರು. ನನ್ನ ಕಣ್ಣಿಗೆ ಆಗಲೇ ಇನ್ನಷ್ಟು ಸೈಕಲ್‌ಗಳು ಬೆಂಗಳೂರಿನಿಂದ ಬರುತ್ತಿರುವುದು ಕಾಣುತ್ತಿತ್ತು.

ತುದಿಗೆ ಬಂದು ಇಬ್ಬರೂ ಬ್ರೇಕ್ ಹಿಡಿದೆವು. ತಿರುಗಲು ಬಿಟ್ಟಿದ್ದ ಗುಂಡು ಜಾಗಕ್ಕೆ ಸಗಣಿ ಸಾರಿಸಿದ್ದಾರೆ! ನಡುವೆ ಮೇಟಿ ಕಂಬ ನೆಟ್ಟಿದ್ದಾರೆ! ರಾಗಿ ತೆನೆ ಹರಡಿ, ಎತ್ತು ಕಟ್ಟಿ, ಕಾಳು ಉದುರಿಸುವ ರೋಣಗಲ್ಲು ಉರುಳಿಸುತ್ತಿದ್ದಾರೆ! ಸುಗ್ಗಿಯ ಕಾಲ. ಅಷ್ಟು ಗಟ್ಟಿ, ಅಷ್ಟು ಸಮ ನೆಲ ಕಂಡ ಮೇಲೆ ಯಾವ ರೈತ ಬೇರೆ ಕಡೆ ಕಣ ಮಾಡುತ್ತಾನೆ?

ಅಮಲ್ದಾರರು ಇಳಿದು ಹೆಜ್ಜೆ ಮುಂದಿಟ್ಟರು. ಮೊರ ಹಿಡಿದಿದ್ದ ಅಜ್ಜಿಯೊಬ್ಬಳು ಕೂಗಿದಳು:

"ಏಮಯ್ಯಾ! ಬೂಟು ಬಿಟ್ಟು ಬಾ! ಕಣ ಇದು, ಕಣ್ಣು ಕಾಣಾಕಿಲ್ವಾ?"

ಅಮಲ್ದಾರರು ಅಜ್ಜಿಯನ್ನು ನೋಡಿದರು, ಮೊರ ನೋಡಿದರು, ಬಗ್ಗಿ ಬೂಟು ಬಿಚ್ಚಿದರು.

"ರಾ ನಾಯನಾ, ಬಾ. ಎತ್ತು ದಣಿದವೆ. ನಿನ್ನ ಸೈಕಲ್ ಮೇಲೆ ಕೂತು ನಾಕು ಸುತ್ತು ಹೊಡಿ."

"ಅಜ್ಜೀ! ಅವರು ಅಮಲ್ದಾರರು!" ಅಂದೆ.

"ಆದ್ರೇನು? ಭಾರವಾಗೇ ಅವ್ರಲ್ಲ, ಕಾಳು ಚೆನ್ನಾಗಿ ಉದುರ್ತದೆ."

ಅಷ್ಟು ಜನ ನೋಡುತ್ತಿರುವಾಗ ಆಗುವುದಿಲ್ಲ ಅನ್ನಲು ಅವರಿಗೆ ಮಾನ ಅಡ್ಡ ಬಂದಿರಬೇಕು. ಬರಿಗಾಲಲ್ಲಿ ಹತ್ತಿದರು. ಅರ್ಧ ಸುತ್ತು ಹೋದರು. ಹುಲ್ಲು ಚೈನಿಗೆ ಸುತ್ತಿಕೊಂಡಿತು, ತಾಲೂಕಿನ ದೊರೆ ಸೈಕಲ್ ಸಮೇತ ರಾಗಿಯಲ್ಲಿ ಮಲಗಿದರು. ಊರವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಮಾತ್ರ ಹತ್ತಿರ ಹೋಗಿ, ಅವರ ಕೆಳಗಿನಿಂದ ತೆನೆ ಎಳೆದು ಎಲ್ಲರಿಗೂ ತೋರಿಸಿದಳು.

"ನೋಡ್ರೋ, ಒಂದು ಕಾಳೂ ಉಳಿದಿಲ್ಲ!"

ಅವರು ಎದ್ದು ಕೂತರು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಅಜ್ಜಿ ಉರುಳಿದ್ದ ಸೋಲಾ ಟೋಪಿ ಎತ್ತಿ, ಮೊರದಿಂದ ರಾಗಿ ಸುರಿದು ಅವರ ಮಡಿಲಲ್ಲಿಟ್ಟಳು. ಅವರು ಸುತ್ತ ನೆರೆದಿದ್ದ ಹಳ್ಳಿಯವರನ್ನು ಕೇಳಿದರು:

"ನಿಮ್ಮೂರಿಗೂ ಇಂಥ ದಾರಿ ಬೇಕೇನ್ರಪ್ಪಾ?"

"ಬೇಕು ಬುದ್ಧೀ!" ಒಂದೇ ದನಿ. ಕೆರೆಯ ಮೇಲಿನ ಕೊಕ್ಕರೆ ಹಾರಿದವು.

"ಸೈಕಲ್ ಯಾರ್ಯಾರ ಹತ್ರ ಇದೆ?"

ಹಿಂದಿನಿಂದ ಒಬ್ಬ ಅಂದ: "ಸೈಕಲ್ ಯಾಕೆ ಬುದ್ಧೀ? ಎತ್ತು ಅವಲ್ಲ."

ಅಮಲ್ದಾರರು ಮೀಸೆಯಿಂದ ಹುಲ್ಲು ತೆಗೆಯುತ್ತಾ ನನ್ನತ್ತ ತಿರುಗಿದರು. "ಶೆಟ್ರೇ, ಸರ್ಕಾರದ ಒಂದು ಕೆಲಸವನ್ನ ಇಷ್ಟು ಜನ ಒಟ್ಟಿಗೆ ಬೇಕು ಅಂದದ್ದು ನನ್ನ ಸರ್ವೀಸಲ್ಲೇ ಕೇಳಿಲ್ಲ. ದಾರಿ ಇರಲಿ. ತಿರುಗೋ ಜಾಗ ಮಾತ್ರ ಇನ್ನೂ ದೊಡ್ಡದು ಮಾಡಿಸಿ."

ದಾರಿ ಉಳಿಯಿತು, ಅಂಗಡಿಯೂ ಉಳಿಯಿತು. ಸಾವರಿಸಿಕೊಂಡು ಸೈಕಲ್ಲಿನ ಹುಲ್ಲು ಬಿಡಿಸುತ್ತಾ ನಿಂತಿದ್ದೆ. ಅಜ್ಜಿ ಬಂದು ಚಕ್ರ, ಸೀಟು, ಹಿಂದಿನ ಮಡ್‌ಗಾರ್ಡು ಎಲ್ಲ ತಡವಿ ನೋಡಿದಳು.

"ಮೇವು ಎಷ್ಟು ತಿಂತದೆ?"

"ಏನೂ ತಿನ್ನಲ್ಲ ಅಜ್ಜಿ."

"ಹಂಗಾದ್ರೆ ನಂಗೊಂದು ಕೊಡು. ಹಿಂದೆ ರೋಣಗಲ್ಲು ಕಟ್ಟೋ ಕೊಂಡಿ ಎಲ್ಲಿ, ಕಾಣ್ತಾ ಇಲ್ವಲ್ಲ?"

ಆ ಊರಿನಲ್ಲಿ ಬಾಡಿಗೆಗಲ್ಲದೆ ಕೊಳ್ಳಲೆಂದೇ ಸೈಕಲ್ ಕೊಡು ಅಂತ ಬಾಯಿಬಿಟ್ಟು ಕೇಳಿದ ಮೊದಲ ಗಿರಾಕಿ. ಇಲ್ಲ ಅನ್ನುವುದಕ್ಕಾಗುತ್ತದೆಯೇ?

"ಕೊಂಡಿ ಬೇರೆ ಬರುತ್ತೆ ಅಜ್ಜಿ," ಅಂದೆ, "ಕೋಲಾರದಿಂದ ತರಿಸಿಕೊಡ್ತೀನಿ."