ಬೀಗರೂಟದಲ್ಲಿ ಜಠರವಾಣಿ

"ನೋಡ್ರಪ್ಪ, ಇದು ಬಾಯಿ ಮಾತು ನಂಬಲ್ಲ. ಹೊಟ್ಟೆ ಮಾತು ಮಾತ್ರ ಕೇಳುತ್ತೆ. ಇದರ ಹೆಸರು ಜಠರವಾಣಿ!" ಎನ್ನುತ್ತ ಬೋರೇಗೌಡ ಶಾಮಿಯಾನದ ನಡುವೆ ಮಿಷಿನ್ನಿಗೆ ಹೊದಿಸಿದ್ದ ಪರದೆ ಎಳೆದ.

ಹೆಂಡತಿ ನಾಗರತ್ನಮ್ಮ ಹಣೆ ಚಚ್ಚಿಕೊಂಡಳು. ಮೋಟಾರ್ ರಿಪೇರಿ ಅಂಗಡಿಯ ಈ ಮಹಾವಿಜ್ಞಾನಿ ಮಗಳ ಬೀಗರೂಟದ ದಿನವಾದರೂ ಸುಮ್ಮನಿರುತ್ತಾನೆ ಅಂದುಕೊಂಡಿದ್ದಳು. ಹಿಂದೆ ಮದುವೆ ಮಾತುಕತೆಗೆ ಬಂದಾಗ ಬೀಗಿತ್ತಿ ಹೊಂಬಾಳಮ್ಮ ನಾಚಿಕೆಗೆ "ಸಾಕು" ಅಂದದ್ದನ್ನು ಇವಳು ನಿಜವೆಂದು ನಂಬಿ, ಸೂಪಿನ ಪಾತ್ರೆಯನ್ನು ಮುಂದಕ್ಕೆ ಒಯ್ದಿದ್ದಳು. "ಎರಡನೇ ಸಲ ಕೇಳೋ ಪದ್ಧತಿನೇ ಇಲ್ಲ ಆ ಮನೇಲಿ" ಎಂದು ಹೊಂಬಾಳಮ್ಮ ಊರೆಲ್ಲ ಸಾರಿದ್ದಳು. ಇವತ್ತೂ ಆಕೆ ಅರೆಹೊಟ್ಟೆಯಲ್ಲಿ ಎದ್ದರೆ ಮಗಳು ಜೀವಮಾನವಿಡೀ ಆ ಮಾತು ಕೇಳಬೇಕು.

ಅದಕ್ಕೇ ನಾಗರತ್ನಮ್ಮ ಹಿಂದಿನ ಸಂಜೆಯಿಂದಲೇ ಕಾಲು ಸೂಪು ಒಲೆಗಿಟ್ಟಿದ್ದಳು. ಸುಟ್ಟು, ಕೆರೆದು, ತೊಳೆದ ಮೇಕೆ ಕಾಲುಗಳು ಮೆಣಸು ಬೆಳ್ಳುಳ್ಳಿಯ ಜೊತೆ ಸಣ್ಣ ಉರಿಯಲ್ಲಿ ಬೆಂದು, ಮೂಳೆಯ ಸಾರವೆಲ್ಲ ಇಳಿದು, ಸೂಪು ತುಟಿಗೆ ಅಂಟುವ ಹದಕ್ಕೆ ಬಂದಿತ್ತು. ಬೀಗಿತ್ತಿಯ ಗ್ಯಾಸ್ಟ್ರಿಕ್ ಹೊಟ್ಟೆಗೆ ಹಿತವಾಗುವುದು ಅದೊಂದೇ. ಆ ಸೂಪಿನ ಹಂಡೆಯನ್ನು ಗಂಡ ಕೆಂಡದ ಸಮೇತ ಚಕ್ರದ ಮಿಷಿನ್ನಿನೊಳಗೆ ಕೂರಿಸಿಬಿಟ್ಟಿದ್ದ! ಮೈಕಿನ ಹಾರನ್ನು ಅದರ ಕಿವಿ. ಉದ್ದನೆಯ ಕೈಗೊಂದು ಸೌಟು.

"ಗುರುಗುಟ್ಟೋ ಹೊಟ್ಟೆ ಹಸಿದ ಹೊಟ್ಟೆ. ಇನ್ಮೇಲೆ ಯಾರೂ ನಾಚ್ಕೊಂಡು ಉಪವಾಸ ಏಳಂಗಿಲ್ಲ, ರತ್ನ" ಎಂದು ಗಂಡ ಪಿಸುಗುಟ್ಟಿದ.

ಮಿಷಿನ್ನು ಮೊದಲು ಮದುಮಗನ ಸೋದರಮಾವನ ಹೊಟ್ಟೆಗೆ ಕಿವಿಯಿಟ್ಟಿತು. ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ದನಿಯಲ್ಲಿ, "ಈ ಹೊಟ್ಟೆ ದಾರಿಯಲ್ಲಿ ಬಿರಿಯಾನಿ ತಿಂದು ಬಂದಿದೆ" ಎಂದಿತು.

"ನನ್ನನ್ನ ಕಾರಲ್ಲೇ ಕೂರಿಸಿ ಪಂಚರ್ ಹಾಕಿಸ್ಕೊಂಡು ಬರ್ತೀನಿ ಅಂತ ಹೋಗಿದ್ದು ಇದಕ್ಕಾ?" ಎಂದು ಅವನ ಹೆಂಡತಿ ಎದ್ದು ನಿಂತಳು.

ಮುಂದಿನ ಎಲೆ ಹೊಂಬಾಳಮ್ಮನದು. ಆಕೆ ಲೋಟದ ಮೇಲೆ ಅಂಗೈ ಮುಚ್ಚಿ, "ನಂಗೆ ಹಸಿವೇ ಇಲ್ಲ ಬೀಗಿತ್ತಿ" ಎಂದಳು. ನಾಗರತ್ನಮ್ಮ ಉಪಚಾರದ ಮಾತು ಶುರುಮಾಡುವಷ್ಟರಲ್ಲಿ ಮಿಷಿನ್ನು ಕೂಗಿತು: "ಸುಳ್ಳು. ಈ ಹೊಟ್ಟೆ ಸೂಪಿನ ಆಸೆಗೆ ನಿನ್ನೆಯಿಂದ ಖಾಲಿ ಇದೆ."

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ಹೊಂಬಾಳಮ್ಮ ಕೆಂಪಗಾಗಿ, ಎಲೆ ಬಿಟ್ಟೆದ್ದು ಚಪ್ಪಲಿ ಹುಡುಕತೊಡಗಿದಳು. ನಾಗರತ್ನಮ್ಮನಿಗೆ ಅಳುವೇ ಬಂತು.

ಅಷ್ಟರಲ್ಲಿ ಮಿಷಿನ್ನು ಗಕ್ಕನೆ ನಿಂತು ಕಿವಿಯನ್ನು ತನ್ನ ಕಡೆಗೇ ತಿರುಗಿಸಿಕೊಂಡಿತು. ಒಳಗೆ ಹಂಡೆ ಗುರುಗುರು ಕುದಿಯುತ್ತಿತ್ತು. "ಅತಿ ಹಸಿದ ಹೊಟ್ಟೆ ಸಿಕ್ಕಿದೆ. ದಯವಿಟ್ಟು ದಾರಿ ಬಿಡಿ" ಎಂದು ಹಂಡೆಯಿಂದ ಸೂಪು ಮೊಗೆದು ಹಂಡೆಗೇ ಸುರಿಯಿತು. ಮತ್ತೆ ಮೊಗೆಯಿತು, ಮತ್ತೆ ಸುರಿಯಿತು. "ಪಾಪ, ಎಷ್ಟು ಹಾಕಿದರೂ ತುಂಬುತ್ತಿಲ್ಲ" ಎಂದು ಪಂಕ್ತಿಯ ಆ ತುದಿಯಲ್ಲಿ ಮೊದಲೇ ಸೂಪು ಬಡಿಸಿದ್ದ ಲೋಟಗಳನ್ನೂ ಕಸಿದು ಹಂಡೆಗೆ ಬಗ್ಗಿಸತೊಡಗಿತು! ತಡೆಯಹೋದ ಗೌಡನ ಬೆರಳ ಗೆಣ್ಣಿಗೆ ಸೌಟಿನಿಂದ ಟಕ್ಕೆಂದು ಬಾರಿಸಿತು.

"ಬ್ಯಾಟರಿ ಕಿತ್ತಾಕಿ!" ಎಂದು ನಾಗರತ್ನಮ್ಮ ಕೂಗಿದಳು.

"ಅದು ಹಂಡೆ ಕೆಳಗಿದೆ ಕಣೇ..."

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ ಹೊಂಬಾಳಮ್ಮ ತಿರುಗಿ ನೋಡಿದಳು. ಅಂಥ ಘಮಘಮಿಸುವ ಸೂಪು, ಯಾರಿಗೂ ದಕ್ಕದೆ ಸುತ್ತು ಹಾಕುತ್ತಿದೆ! ಆಕೆ ಚಪ್ಪಲಿ ಒದ್ದು, ಸೆರಗು ಸಿಕ್ಕಿಸಿ, ಚೊಂಬು ಹಿಡಿದು ಬಂದಳು.

"ಮಾನ ಹೆಂಗೂ ಹೋಯ್ತು, ಸೂಪಾದ್ರೂ ಸಿಕ್ಲಿ. ಬೀಗಿತ್ತಿ, ಆ ಸೌಟು ಹಿಡ್ಕೊಳಿ."

ನಾಗರತ್ನಮ್ಮ ಎರಡೂ ಕೈಯಲ್ಲಿ ಸೌಟಿಗೆ ಜೋತುಬಿದ್ದಳು. ಹೊಂಬಾಳಮ್ಮ ಚೊಂಬು ಅದ್ದಿ, ಊದಿ ಊದಿ ನಿಂತಲ್ಲೇ ಕುಡಿದಳು.

"ಇನ್ನೊಂಚೂರು ಹಾಕ್ಕೊಳಿ ಬೀಗಿತ್ತಿ" ಎಂದಳು ನಾಗರತ್ನಮ್ಮ, ಜೋತಾಡುತ್ತಲೇ.

"ಬಿಡಬೇಡಿ, ಹಾಕ್ಕೊಂತಿದೀನಿ!"

ಕೊನೆಗೆ ಕೆಂಡ ಆರಿತು, ಹಂಡೆ ಸದ್ದಡಗಿತು. "ಹೊಟ್ಟೆ ತುಂಬಿತು. ಧನ್ಯವಾದ" ಎಂದ ಮಿಷಿನ್ನು ಹಾರನ್ನಿನಲ್ಲಿ ಊರಿಗೇ ಕೇಳುವಂತೆ ತೇಗಿತು.

ಹೊಂಬಾಳಮ್ಮ ಈಗಲೂ ಆ ಊಟದ ಸುದ್ದಿ ಊರೆಲ್ಲ ಹೇಳುತ್ತಾಳೆ: "ಬೀಗಿತ್ತಿ ಮನೇಲಿ ಸೂಪು ಬೇಕಂದ್ರೆ ಹೊಡೆದಾಡ್ಬೇಕು ಕಣಮ್ಮ. ಹೊಡೆದಾಡೋ ಅಂಥ ಸೂಪೇ ಬಿಡು."