ಅಮಸಿದ್ದಪ್ಪನ ಮೋಟರು: ಕೇಳುಗರ ಅಂತಿಮ ಅಭಿಪ್ರಾಯ

ಸಾವಳಗಿಯ ಅಮಸಿದ್ದಪ್ಪನ ಬಾವಿಯ ಮೋಟರು ಕಳುವಾಗಿಲ್ಲವೆಂಬ ಸಂಗತಿಯು, ಕೇಳುಗರ ಆಕ್ಷೇಪಣೆಯ ಮೇರೆಗೆ, ಮೂರು ವಾರಗಳಿಂದ ಪರಿಶೀಲನೆಯಲ್ಲಿತ್ತು.

ನಡೆದದ್ದು ಇಷ್ಟೇ. ಮೋಟರು ಸುಟ್ಟಿತ್ತು. ಹೆಂಡತಿ ಸತ್ಯವ್ವ ಅದನ್ನು ರಿವೈಂಡಿಂಗಿಗೆಂದು ಜಮಖಂಡಿಗೆ ಹೊರಟ ಟ್ರ್ಯಾಕ್ಟರಿನಲ್ಲಿ ಹಾಕಿ ಕಳಿಸಿದಳು. ಅವತ್ತು ಗಂಡ ಹೆಂಡತಿಗೆ ಮಾತಿರಲಿಲ್ಲವಾದ್ದರಿಂದ ಹೇಳಲಿಲ್ಲ. ಅಮಸಿದ್ದಪ್ಪ ಠಾಣೆಗೆ ಹೋಗಿ ಕಳವಿನ ದೂರು ಕೊಟ್ಟ. ಜಮಖಂಡಿಯ ಶೈಲಾ ನಡೆಸುವ ‘ಖರೆ ಕಳವು’ ಪಾಡ್‌ಕಾಸ್ಟ್ ಅದನ್ನು ಕೈಗೆತ್ತಿಕೊಂಡಿತು. ಬನಹಟ್ಟಿಯ ನೇಕಾರರು ಮಗ್ಗದ ಸದ್ದಿನಲ್ಲೂ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು. ಮೂರನೆಯ ಕಂತಿನ ಹೊತ್ತಿಗೆ ಮೋಟರು ರಿಪೇರಿಯಾಗಿ ಮನೆಗೆ ಬಂತು.

ಕೇಳುಗರು ಇದನ್ನು ಒಪ್ಪಲಿಲ್ಲ. “ಮೊದಲ ಎರಡ ಕಂತು ಛಲೋ ಇದ್ದುವು. ಕಳ್ಳನ ಇಲ್ಲ ಅಂದ್ರ ಹೆಂಗ್ರಿ?” ಎಂದು ಬಾಡಗಂಡಿಯ ಯಲ್ಲಾಲಿಂಗ ರೇಟಿಂಗಿನಲ್ಲಿ ಐದಕ್ಕೆ ಒಂದೇ ಚುಕ್ಕೆ ಕೊಟ್ಟ. “ಮುಧೋಳ ನಾಯಿ ಕರಸಲಿಲ್ಲ. ಏನೋ ಮುಚ್ಚಿಡಾಕತ್ತಾರ,” ಎಂದು ತಿಮ್ಮಾಪುರದ ಹಾಲವ್ವ ಬರೆದಳು.

ಕೇಳುಗರು ಒಪ್ಪದ ಕಡತವನ್ನು ಮುಚ್ಚುವಂತಿಲ್ಲ. ಅದು ತಾಲೂಕು ಶ್ರೋತೃ ಅಭಿಪ್ರಾಯ ವಿಲೇವಾರಿ ಶಾಖೆಗೆ ಹೋಯಿತು. ಅದು ವಿಲೇವಾರಿಯಾಗುವವರೆಗೆ ಮೋಟರನ್ನು ಬಾವಿಗೆ ಇಳಿಸುವುದು, ಕಳವಿನ ಮಾಲನ್ನು ಬಳಸಿದ ಅಪರಾಧವಾಗುತ್ತದೆ, ನಿಯಮ ಹದಿನಾಲ್ಕು. ಅತ್ತ ಕಬ್ಬು ಒಣಗುತ್ತಿತ್ತು. ಇತ್ತ ಅಮಸಿದ್ದಪ್ಪ ಶಾಖೆಗೆ ಅಲೆಯುತ್ತಿದ್ದ.

“ಮೋಟರ್ ಮನ್ಯಾಗ ಐತ್ರಿ ಸಾಹೇಬ್ರ. ಬೇಕಾರ ಮುಟ್ಟಿ ನೋಡ್ರಿ,” ಎಂದ.

“ಇರಬಹುದು. ಆದರ ಅದು ಒಬ್ಬರ ಅಭಿಪ್ರಾಯ ಆತು,” ಎಂದರು ಶಾಖೆಯ ಗುಮಾಸ್ತ ಗಿರಮಲ್ಲಪ್ಪ. “ನಾಲ್ಕ ಸಾವಿರ ಮಂದಿ ಕಳ್ಳ ಬೇಕಂತಾರ. ಮೋಟರ್ ಕಳ್ಳನ ಕಡಿಂದ ಬರಲಿ, ಆಮ್ಯಾಲ ಒಯ್ರಿ.”

ಕಳ್ಳ ಯಾರೆಂದು ಶೈಲಾ ಕೇಳುಗರ ಮತ ಕೇಳಿದಳು. ನೂರಕ್ಕೆ ಅರವತ್ತೆಂಟು ಮಂದಿ ಅಮಸಿದ್ದಪ್ಪನೇ ಕಳ್ಳ ಎಂದರು. ಎರಡನೆಯ ಕಂತಿನಲ್ಲಿ ಅವನ ದನಿ ತೀರ ಶಾಂತವಾಗಿತ್ತಂತೆ. ಉಳಿದವರು ಸತ್ಯವ್ವ ಎಂದರು.

“ಒಪ್ಕೊಂಡಬಿಡ್ರಿ, ಕಬ್ಬರ ಉಳೀತೈತಿ,” ಎಂದಳು ಸತ್ಯವ್ವ.

“ಹೇಳದ ಕಳಿಸಿದಾಕಿ ನೀ. ಕಳ್ಳ ನಾನೇನ?”

“ಮತ ನಿಮಗ ಹೆಚ್ಚ ಬಂದಾವಲ್ರಿ.”

ಅಮಸಿದ್ದಪ್ಪ ತಪ್ಪೊಪ್ಪಿಕೊಂಡ. ಸೋಮವಾರ ಶಾಖೆಯ ಅಂಗಳದಲ್ಲಿ, ಶೈಲಾಳ ಮೈಕಿನ ಮುಂದೆ, ಹಸ್ತಾಂತರ ನಡೆಯಿತು. ಆರೋಪಿ ಅಮಸಿದ್ದಪ್ಪ ಕಣ್ಣೊರೆಸಿಕೊಂಡು ಮೋಟರು ಒಪ್ಪಿಸಿದ. ಫಿರ್ಯಾದಿ ಅಮಸಿದ್ದಪ್ಪ ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿ, ಸಹಿ ಹಾಕಿ ಸ್ವೀಕರಿಸಿದ. ಗಿರಮಲ್ಲಪ್ಪನವರು ಕಡತ ಮುಚ್ಚಿದರು.

ಸಂಜೆ ಕಬ್ಬಿಗೆ ನೀರು ಹರಿಯಿತು. ಅಮಸಿದ್ದಪ್ಪ ಬದುವಿನ ಮೇಲೆ ಕುಳಿತು ಫೋನು ತೆರೆದ. ಯಲ್ಲಾಲಿಂಗ ಐದು ಚುಕ್ಕೆ ಕೊಟ್ಟಿದ್ದ: “ಕಳ್ಳ ಮನಸಿಂದ ಅತ್ತಾನ, ಸಮಾಧಾನ ಆತು. ಆದರ ಆ ಮಾಲಕನ ಮ್ಯಾಲ ನಂಗ ಇನ್ನೂ ಸಂಶೇ ಐತಿ.”

ಅಮಸಿದ್ದಪ್ಪ ಅದನ್ನು ಎರಡು ಸಲ ಓದಿದ. ಆಮೇಲೆ, ತನಗೂ ಹಾಗೇ ಅನ್ನಿಸುತ್ತಿದೆ ಎಂದು ಕೆಳಗೆ ಬರೆದ.